ರಟ್ಟಿನ ಎಂಜಿನ್

ಎರಡು ಬೆರಳಿನಗಲದ ಆ ವ್ಯತ್ಯಾಸ ಕೈತಪ್ಪಿ ಆದದ್ದಲ್ಲ ಎಂಬುದು ಕ್ಲಿಫರ್ಡ್ ಹಿಂಡ್ಲ್‌ಗೆ ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಖಚಿತವಾಯಿತು. ಗುರುವಾರ ಸಂಜೆಯಿಂದ ಅಲ್ಲಿಯವರೆಗೆ ಅವನು ಅದನ್ನು ಕೈತಪ್ಪು ಎಂದೇ ಕರೆದುಕೊಂಡು ಬಂದಿದ್ದ. ನಲವತ್ತು ವರ್ಷ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದ ಕೈ ಅದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬೇರಿಂಗು ಕಾದು ಬಿಗಿದುಕೊಳ್ಳುವ ಯಂತ್ರಗಳ ನಡುವೆ ಪಳಗಿದ ಕೈ. ಅಂಥ ಕೈ ರಟ್ಟು ಕತ್ತರಿಸುವಾಗ ಮೂವತ್ತು ಮಿಲಿಮೀಟರ್ ತಪ್ಪುತ್ತದೆಯೆ? ಕನ್ನಡಿಯೊಳಗಿನ ಮುಖ, ಬಾಯಿ ತುಂಬ ನೊರೆ ಇಟ್ಟುಕೊಂಡೇ, ಇಲ್ಲ ಎಂದಿತು. ಅವನು ಉಗಿದು, ಬಾಯಿ ಮುಕ್ಕಳಿಸಿ, ಮುಖ ಸರಿಯಾಗಿ ಒರೆಸಿಕೊಳ್ಳದೆ ಗರಾಜಿಗೆ ಇಳಿದ.

ಗರಾಜಿನ ನಡುಮಧ್ಯೆ, ನಾಲ್ಕು ಕಬ್ಬಿಣದ ಊರುಗಾಲುಗಳ ಮೇಲೆ, ಚಕ್ರವಿಲ್ಲದೆ, ಬಣ್ಣವಿಲ್ಲದೆ, ಅವನ ಕಾರು ಕೂತಿತ್ತು. ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿ ಮನೆಯಲ್ಲೇ ಕಟ್ಟಿಕೊಳ್ಳುವ ಕಿಟ್ ಕಾರು. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಬಾಗಿಲಿಲ್ಲ, ಕೂತರೆ ಕುಂಡೆಗೂ ರಸ್ತೆಗೂ ಒಂದು ಗೇಣು. ಪೆಟ್ಟಿಗೆಯ ಮೇಲೆ 'ಒಂದು ಚಳಿಗಾಲದಲ್ಲಿ ಮುಗಿಯುತ್ತದೆ' ಎಂದು ಬರೆದಿತ್ತು. ಇದು ಹನ್ನೊಂದನೆಯ ಚಳಿಗಾಲ. ಕಾರಿನ ಮೂತಿಯಲ್ಲಿ, ಎಂಜಿನ್ ಇರಬೇಕಾದ ಜಾಗದಲ್ಲಿ, ರಟ್ಟಿನ ಎಂಜಿನ್ ಇತ್ತು. ಕಾರು ಕಟ್ಟುವವರೆಲ್ಲ ಹೀಗೆ ಮಾಡುವವರೇ. ನಿಜವಾದ ಎಂಜಿನನ್ನು ಹತ್ತು ಸಲ ಎತ್ತಿ ಹತ್ತು ಸಲ ಇಳಿಸುವ ಬದಲು ಅದರ ಉದ್ದಗಲ ಎತ್ತರ ಅಳೆದು, ಅಷ್ಟೇ ಗಾತ್ರದ್ದನ್ನು ರಟ್ಟಿನಲ್ಲಿ ಮಾಡಿ, ಜಾಗದಲ್ಲಿ ಕೂರಿಸಿ ನೋಡುತ್ತಾರೆ. ಕೂತರೆ ಮದುವೆ, ಕೂರದಿದ್ದರೆ ಇಲ್ಲ. ಈ ರಟ್ಟು ಪಾತ್ರೆ ತೊಳೆಯುವ ಯಂತ್ರದ ಪೆಟ್ಟಿಗೆಯದು. ಹೆಂಡತಿ ಲೊರೇನ್‌ಳ ಬೆರಳುಗಳಲ್ಲಿ ಒದ್ದೆ ತಟ್ಟೆ ನಿಲ್ಲದಾದ ಮೇಲೆ ತಂದ ಯಂತ್ರ. ಹಾಗಾಗಿ ಎಂಜಿನ್ನಿನ ನೆತ್ತಿಯ ಮೇಲೆ ಒಂದು ಕೊಡೆಯ ಚಿತ್ರವೂ, ಹೊಟ್ಟೆಯ ಮೇಲೆ ಎರಡು ಬಾಣದ ಗುರುತೂ, ಪಕ್ಕದಲ್ಲಿ ಒಡೆದ ಗ್ಲಾಸಿನ ಚಿತ್ರವೂ ಇದ್ದವು. ಎಂಜಿನ್ನಿನ ಬಲಗೆನ್ನೆ ಸ್ಟಿಯರಿಂಗಿನ ಕೋಲಿಗೆ ಒತ್ತಿ ಜಜ್ಜಿಹೋಗಿತ್ತು. ಯಾರು ಬಂದು ನೋಡಿದರೂ, ಕೂರುವುದಿಲ್ಲ ಎನ್ನಲೇಬೇಕು. ಯಾರೋ ಬಂದು ಹಾಗೆ ಹೇಳಲಿ ಎಂದೇ ಅವನು ಕಾಯುತ್ತಿದ್ದ.

ಸೋಮವಾರ ರಾತ್ರಿ ಊಟದ ಮೇಜಿನಲ್ಲಿ ಲೊರೇನ್, ಉಪ್ಪು ಕೊಡು ಎಂದಷ್ಟೇ ಸಲೀಸಾಗಿ, ಮಾತು ತೆಗೆದಿದ್ದಳು. "ಕ್ಲಿಫ್, ಕೇಳಿಲ್ಲಿ. ನನ್ನ ಯಮಹಾ ಬೈಕು ಹಂಗೇ ನಿಂತು ನಿಂತು ತುಕ್ಕು ಹಿಡಿಯೋದು ನಂಗೆ ಬೇಡ. ಅದರ ಎಂಜಿನ್ ತೆಗೆದು ನಿನ್ನ ಕಾರಿಗೆ ಹಾಕ್ಕೋ. ಹಿಡಿಸಲಿಲ್ಲ ಅಂದ್ರೆ ಹೇಳ್ಬಿಡು. ಸ್ಕಿಪ್ಟನ್‌ನವನು ಒಬ್ಬ ಕೇಳ್ತಾ ಇದಾನೆ, ಶನಿವಾರ ನಾಲ್ಕು ಗಂಟೆಗೆ ವ್ಯಾನ್ ತರ್ತಾನಂತೆ."

"ಆ ಫೋರ್ಡ್ ಎಂಜಿನ್ ಇದೆಯಲ್ಲ," ಎಂದಿದ್ದ ಅವನು.

"ಇದೆ. ಮುದುಕರು ಹಾಸಿಗೆಯಿಂದ ಎದ್ದು ಕೆಮ್ಮೋ ಹಂಗೆ ಕೆಮ್ಮುತ್ತೆ ಅದು. ನೋಡು, ಬಲವಂತ ಇಲ್ಲ."

ಬಲವಂತ ಇಲ್ಲ ಎಂದಾಗಲೇ ಅವಳಿಗೆ ಅದು ಎಷ್ಟು ಬೇಕು ಎಂದು ಅವನಿಗೆ ಗೊತ್ತಾಗಿಹೋಯಿತು. ಮೂವತ್ತೆಂಟು ವರ್ಷದ ಸಂಸಾರ. ಅವನು ಆಲೂಗಡ್ಡೆಯನ್ನು ಫೋರ್ಕಿನಿಂದ ಅದುಮುತ್ತಾ, ಅಳತೆ ತೆಗೆದು ನೋಡ್ತೀನಿ ಎಂದ. ಮಂಗಳವಾರ, ಬುಧವಾರ ಎರಡು ದಿನವೂ ಅಳತೆ ತೆಗೆದ. ಯಮಹಾದ ಪಕ್ಕದಲ್ಲಿ ಮಂಡಿಯೂರಿ, ಎಂಜಿನ್ನಿನ ಅಗಲ ನಾನೂರ ಎಪ್ಪತ್ತು ಎಂದು ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಬರೆದ. ಕಾರಿನಲ್ಲಿದ್ದ ಜಾಗವನ್ನೂ ಅಳೆದ. ಕೂರುತ್ತಿತ್ತು. ಬರೀ ಕೂರುವುದಲ್ಲ, ಹೇಳಿ ಮಾಡಿಸಿದ ಹಾಗೆ, ಬಲಕ್ಕೆ ಒಂದು ಬೆರಳು ತೂರುವಷ್ಟು ಜಾಗ ಬಿಟ್ಟು ಕೂರುತ್ತಿತ್ತು. ಗುರುವಾರ ಸಂಜೆ ರಟ್ಟಿನ ಮೇಲೆ ಚಾಕು ಇಟ್ಟಾಗ ಅವನ ಕೈ ಐನೂರರ ಗೆರೆಗೆ ಹೋಯಿತು. ಹೋಗುವುದನ್ನು ಅವನು ನೋಡುತ್ತಿದ್ದ. ಕತ್ತರಿಸಿಯಾದ ಮೇಲೆ ಗೋಡೆಯ ಮೇಲಿದ್ದ ನಾನೂರ ಎಪ್ಪತ್ತನ್ನು ಉಗುಳು ಹಚ್ಚಿದ ಹೆಬ್ಬೆರಳಿನಿಂದ ಉಜ್ಜಿದ. ಅದನ್ನು ಯಾಕೆ ಉಜ್ಜಿದೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಬೈಕಿನ ಎಂಜಿನ್ ಬೇಡ ಎನ್ನುವುದಕ್ಕೆ ಮರ್ಯಾದಸ್ಥ ಕಾರಣಗಳು ಬೇಕಾದಷ್ಟಿದ್ದವು. ಅದಕ್ಕೆ ರಿವರ್ಸ್ ಗೇರ್ ಇರುವುದಿಲ್ಲ. ಕಿವಿ ಹರಿದುಹೋಗುವಷ್ಟು ಕಿರುಚದೆ ಅದು ಕೆಲಸ ಮಾಡುವುದಿಲ್ಲ. ಮತ್ತೆ ಆ ಎಣ್ಣೆಯ ತಾಪತ್ರಯ: ಬೈಕು ತಿರುವಿನಲ್ಲಿ ವಾಲುತ್ತದೆ, ಅದರ ಜೊತೆ ಎಣ್ಣೆಯೂ ವಾಲಿ ಇದ್ದಲ್ಲೇ ಇರುತ್ತದೆ, ಕಾರು ವಾಲುವುದಿಲ್ಲ, ಆದ್ದರಿಂದ ತಿರುವಿನಲ್ಲಿ ಎಣ್ಣೆಯೆಲ್ಲ ಒಂದು ಮೂಲೆಗೆ ಹೋಗಿ ಎಂಜಿನ್ ಒಣಗಿ ಸಾಯುತ್ತದೆ. ಒಳಗೆ ಅಡ್ಡತಗಡು ಹಾಕಿದರೆ ಅದಕ್ಕೂ ಪರಿಹಾರವಿದೆ, ಅವನಿಗೆ ಗೊತ್ತು. ಬೆಂಚಿನ ಕೆಳಗೆ ಹಳೆಯ ದುಪ್ಪಟಿ ಹೊದ್ದುಕೊಂಡು ಫೋರ್ಡ್ ಎಂಜಿನ್ ಎಂಟು ವರ್ಷದಿಂದ ಕಾಯುತ್ತಿತ್ತು. ಎರಡು ಸಲ ಬಿಚ್ಚಿ ಎರಡು ಸಲ ಜೋಡಿಸಿದ್ದ. ಆ ಸಾಧು ಎಂಜಿನ್ನಿನ ಮೇಲೆ ಅವನಿಗೆ ಪ್ರೀತಿಯಿತ್ತು. ಅದು ಯಾವತ್ತೂ ಯಾರನ್ನೂ ಹೆದರಿಸಿರಲಿಲ್ಲ.

ಹೆದರಿಕೆ ಎಂಬ ಮಾತು ಮನಸ್ಸಿಗೆ ಬಂದದ್ದೇ ತಡ ಭಾನುವಾರಗಳು ಬಂದುಬಿಟ್ಟವು. ಲೊರೇನ್ ಮೂವತ್ತು ವರ್ಷ ಕ್ಲಿದರೋ ಊರಿನ ಏರುತಗ್ಗಿನ ಬೀದಿಗಳಲ್ಲಿ ನಡೆದುಕೊಂಡೇ ಅಂಚೆ ಹಂಚಿದವಳು. ವಾರದ ಆರು ದಿನ ಮನೆಯಿಂದ ಮನೆಗೆ, ನಾಯಿಯಿಂದ ನಾಯಿಗೆ, ಹೆಗಲಿಗೆ ಚೀಲ ಹಾಕಿಕೊಂಡು. ನಲವತ್ತಮೂರನೆಯ ವರ್ಷದಲ್ಲಿ ಒಂದು ದಿನ ಸಾವಿರ ಸಿಸಿ ಯಮಹಾ ತಂದು ಅಂಗಳದಲ್ಲಿ ನಿಲ್ಲಿಸಿ, "ಏಳನೇ ದಿನ ನಂದು," ಎಂದಳು. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಹೆಲ್ಮೆಟ್ ಒಳ್ಳೇದು ತಗೋ ಎಂದ. ಅಲ್ಲಿಂದ ಹತ್ತೊಂಬತ್ತು ವರ್ಷ, ಪ್ರತಿ ಭಾನುವಾರ, ಅವಳು ಕರ್ಬಿ ಲಾನ್ಸ್‌ಡೇಲ್‌ನ ಹಳೆಯ ಸೇತುವೆಯ ಹತ್ತಿರ ಸೇರುವ ಬೈಕಿನವರ ಜೊತೆ ನಿಂತು ಬೇಕನ್ ತುರುಕಿದ ಬನ್ನು ತಿಂದು ಬರುತ್ತಿದ್ದಳು. ಅವನು ಅಡುಗೆಮನೆಯ ಕಿಟಕಿಯಲ್ಲಿ ಆಲೂಗಡ್ಡೆ ಸುಲಿಯುತ್ತ ನಿಲ್ಲುತ್ತಿದ್ದ. ಒಲೆಯಲ್ಲಿ ಮಾಂಸ ಬೇಯುತ್ತಿರುತ್ತಿತ್ತು. ಪುಡಿಂಗಿನ ಹಿಟ್ಟು ಬಟ್ಟಲಲ್ಲಿ ಕಾಯುತ್ತಿರುತ್ತಿತ್ತು. ಯಾರ್ಕ್‌ಶೈರ್ ಪುಡಿಂಗು, ಮಾಂಸದ ಜೊತೆ ತಿನ್ನುವ ಆ ಉಬ್ಬುರೊಟ್ಟಿ, ಮೊದಲೇ ಮಾಡಿಡುವ ಪದಾರ್ಥವಲ್ಲ. ಉಬ್ಬಿದ್ದು ಉಬ್ಬಿದಂತೆ ತಟ್ಟೆಗೆ ಬರಬೇಕು, ಐದು ನಿಮಿಷ ತಡವಾದರೆ ಕುಸಿದು ಚಪ್ಪಲಿಯಾಗುತ್ತದೆ. ಗುಡ್ಡದ ಕೆಳಗಿನ ತಿರುವಿನಲ್ಲಿ ಯಮಹಾದ ದನಿ ಏಳುತ್ತಿತ್ತು, ಗೇರು ಮೂರರಿಂದ ಎರಡಕ್ಕೆ ಇಳಿಯುವಾಗ ಒಮ್ಮೆ ಗದರುತ್ತಿತ್ತು. ಆಗ ಅವನು ಹಿಟ್ಟು ಹುಯ್ಯುತ್ತಿದ್ದ. ಅವಳು ಬೂಟು ಬಿಚ್ಚಿ, ಜಾಕೀಟು ಕಳಚಿ, ಕೆಂಪಾದ ಮೂಗು ಹೊತ್ತು ಬಂದು ಕೂರುವಷ್ಟರಲ್ಲಿ ಪುಡಿಂಗು ಉಬ್ಬಿ ನಿಂತಿರುತ್ತಿತ್ತು. "ನಿಂಗೆ ಹೆಂಗೋ ಸರಿಯಾಗಿ ಗೊತ್ತಾಗುತ್ತೆ ಮಾರಾಯ," ಎನ್ನುತ್ತಿದ್ದಳು. ಯಮಹಾದ ದನಿ ಕೇಳುವುದಕ್ಕೆ ಮುಂಚಿನ ಎರಡು ಗಂಟೆಯನ್ನು ತಾನು ಹೇಗೆ ಕಳೆಯುತ್ತಿದ್ದೆ ಎಂಬುದನ್ನು ಅವನು ಒಮ್ಮೆಯೂ ಹೇಳಲಿಲ್ಲ. ಆಲೂಗಡ್ಡೆಯನ್ನು ಸುಲಿದು ಸುಲಿದು ಗೋಲಿಯಷ್ಟು ಮಾಡಿಟ್ಟ ದಿನಗಳಿದ್ದವು.

ಒಂದೇ ಸಲ, ಮೊದಲ ಬೇಸಿಗೆಯಲ್ಲಿ, ಅವನು ಅವಳ ಹಿಂದೆ ಕೂತಿದ್ದ. ಬೋಲಂಡ್ ಕಣಿವೆಯ ರಸ್ತೆ, ಎರಡೂ ಕಡೆ ಕಲ್ಲಿನ ಮೋಟುಗೋಡೆ, ಕುರಿಗಳು. ಅವಳ ಸೊಂಟ ಹಿಡಿದು ಕಣ್ಣು ಮುಚ್ಚಿಕೊಂಡಿದ್ದ. ಅವಳು ತಿರುವಿಗೆ ವಾಲಿದಾಗೆಲ್ಲ ಇವನು ಅದರ ವಿರುದ್ಧ ದಿಕ್ಕಿಗೆ ಎಳೆದುಕೊಳ್ಳುತ್ತಿದ್ದ, ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಢೀ ಹೊಡೆಯುತ್ತಿತ್ತು. "ನನ್ನ ಜೊತೆ ವಾಲೋ, ನನ್ನ ಜೊತೆ!" ಎಂದು ಅವಳು ಗಾಳಿಯಲ್ಲಿ ಕೂಗುತ್ತಿದ್ದಳು. ಡನ್ಸಾಪ್ ಬ್ರಿಡ್ಜ್‌ನಲ್ಲಿ, ಹೊಳೆಯ ಪಕ್ಕದ ಚಹಾದಂಗಡಿ ಸಿಕ್ಕಿದಾಗ, ಅವನು ಬೆನ್ನುನೋವು ಎಂದು ಇಳಿದುಕೊಂಡ. ನೀನು ಹೋಗು, ನಾನು ಬಸ್ಸಲ್ಲಿ ಬರ್ತೀನಿ ಎಂದ. ಅಲ್ಲಿಗೆ ಬರುತ್ತಿದ್ದದ್ದೇ ಅಪರೂಪಕ್ಕೊಂದು ಬಸ್ಸು. ಮೂರು ಗಂಟೆ ಹೊತ್ತು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಾತುಕೋಳಿಗಳನ್ನು ನೋಡುತ್ತ ಕೂತಿದ್ದ. ಪಕ್ಕದ ಮೇಜಿನ ಅಜ್ಜಿಯೊಬ್ಬಳು, ಬೈಕು ಎಲ್ಲಿ ಕಳೆದುಕೊಂಡೆಯಪ್ಪ ಎಂದು ಕೇಳಿದಳು. ಲೊರೇನ್ ಮತ್ತೆ ಅವನನ್ನು ಕರೆಯಲಿಲ್ಲ. ಕರೆಯದೇ ಇದ್ದದ್ದು ದೊಡ್ಡ ಉಪಕಾರ ಎಂದು ಅವನಿಗೆ ಅನ್ನಿಸಿತು. ಅದು ಉಪಕಾರವೇ ಆಗಿತ್ತು, ಆದರೆ ಚುಚ್ಚುವಂಥದು.

ಹನ್ನೊಂದು ಗಂಟೆಗೆ ನೆವಿಲ್ ಓಗ್ಡನ್ ಬಂದ. ಕಾರು ಕಟ್ಟುವವರ ಸಂಘದ ಕಾರ್ಯದರ್ಶಿ. ತಿಂಗಳಿಗೊಮ್ಮೆ ಪಬ್ಬಿನ ಹಿಂದಿನ ಕೋಣೆಯಲ್ಲಿ ಸೇರುವ ಹದಿನಾಲ್ಕು ಜನರಲ್ಲಿ ಬೈಕಿನ ಎಂಜಿನ್ ಹಾಕಿಕೊಂಡವನು ಇವನೊಬ್ಬನೇ. ಅದೂ ಇದೇ ಮಾದರಿಯ ಯಮಹಾದ್ದು. ಕ್ಲಿಫರ್ಡನೇ ಕರೆದಿದ್ದ, ಲೊರೇನ್‌ಳ ಎದುರು ಕೂರುವುದಿಲ್ಲ ಎನ್ನಲು ಒಬ್ಬ ಬಲ್ಲವನು ಬೇಕು ಎಂದು. ಈಗ ಅವನ ಬೂಟಿನ ಸದ್ದು ಕೇಳಿದ ಕೂಡಲೇ, ಎಂಥ ಪೆದ್ದು ಕೆಲಸ ಮಾಡಿದೆ ಎಂದು ಹೊಳೆಯಿತು.

"ಏನಯ್ಯಾ, ಹೆರಿಗೆ ಯಾವಾಗ?" ಎಂದ ನೆವಿಲ್ ಒಳಗೆ ಬರುತ್ತಲೇ. ಪ್ರತಿ ಸಭೆಯಲ್ಲೂ ಅವನು ಕೇಳುವುದು ಇದನ್ನೇ, ಹದಿನಾಲ್ಕು ಜನರೂ ನಗುವುದು ಇದಕ್ಕೇ. "ಹನ್ನೊಂದು ವರ್ಷದ ಬಸುರಿ ಅಂದ್ರೆ ಆನೆಗೂ ನಾಚಿಕೆ ಆಗುತ್ತೆ ಕಣಯ್ಯಾ."

"ನೀನು ನೋಡಿ ಹೇಳು," ಎಂದ ಕ್ಲಿಫರ್ಡ್.

ನೆವಿಲ್ ನೋಡಿದ. ರಟ್ಟಿನ ಎಂಜಿನ್ನಿನ ಸುತ್ತ ಒಂದು ಸುತ್ತು ಬಂದ, ಕೊಡೆಯ ಚಿತ್ರ ನೋಡಿ ನಕ್ಕ, ಬಗ್ಗಿ ಜಜ್ಜಿದ ಕೆನ್ನೆಯನ್ನು ಮುಟ್ಟಿದ. "ವಿಚಿತ್ರ. ನಂದೂ ಇದೇ ಚಾಸಿ, ಇದೇ ಎಂಜಿನ್. ನನ್ನದರಲ್ಲಿ ಇಲ್ಲಿ ಬೆರಳು ತೂರುತ್ತೆ. ಟೇಪು ಕೊಡು."

"ನಿಂದು ಹಳೇ ಚಾಸಿ. ನಂದು ಬಂದಾಗ ಅವರು ಸ್ಟಿಯರಿಂಗ್ ಒಂಚೂರು ಒಳಕ್ಕೆ ತಂದಿದ್ರು." ಬಾಯಿಯಿಂದ ಎಷ್ಟು ನೀಟಾಗಿ ಬಂತು ಸುಳ್ಳು! ಗೆಣ್ಣಿಲ್ಲದ ಮರದ ಹಾಗೆ. ಟೇಪು ಅವನ ಪ್ಯಾಂಟಿನ ಜೇಬಿನಲ್ಲೇ ಇತ್ತು. ಅದರ ಮೇಲೆ ಕೈಯಿಟ್ಟುಕೊಂಡು, "ಟೇಪು ಎಲ್ಲಿಟ್ಟೆನೋ," ಎಂದು ಬೆಂಚಿನ ಮೇಲೆ ಹುಡುಕಿದ.

ಅಷ್ಟರಲ್ಲಿ ಲೊರೇನ್ ಚಹಾ ತಂದಳು. ಎರಡು ಮಗ್ಗುಗಳನ್ನು ಹಿಡಿಗಳಿಂದಲ್ಲ, ಎರಡೂ ಅಂಗೈಗಳ ನಡುವೆ ಎದೆಗವಚಿ ಹಿಡಿದುಕೊಂಡು ತರುತ್ತಾಳೆ ಈಗ. ಬಿಸಿ ಗೊತ್ತಾಗದಿರಲಿ ಎಂದು ಕೈಗೆ ಮಸಿಬಟ್ಟೆ ಸುತ್ತಿಕೊಂಡಿದ್ದಳು. ಗೆಣ್ಣುಗಳು ಊದಿ ಬೆರಳುಗಳು ಒಂದು ಕಡೆಗೆ ವಾಲಿದ್ದವು. "ಏನಂತಾರೆ ಪಂಡಿತರು?" ಎಂದಳು.

"ಕೂರಲ್ಲ ಕಣಮ್ಮಾ," ಎಂದ ನೆವಿಲ್ ಚಹಾ ತೆಗೆದುಕೊಳ್ಳುತ್ತ. "ನನ್ನದಕ್ಕೆ ಕೂತಿತ್ತು, ಇವನ ಚಾಸಿ ಬೇರೆಯಂತೆ. ಒಂದು ಲೆಕ್ಕಕ್ಕೆ ಪುಣ್ಯ ಅಂದ್ಕೋ. ರಿವರ್ಸ್ ಇಲ್ಲದ ಕಾರಿನ ಪಾಡು ನಂಗೇ ಗೊತ್ತು. ನಮ್ಮ ಸೋದರತ್ತೆ ಮಣ್ಣಿಗೆ ಹೋದೆ, ಚರ್ಚಿನ ಗೇಟಿಗೆ ಮೂತಿಯಿಟ್ಟು ನಿಲ್ಲಿಸಿಬಿಟ್ಟೆ. ಹಿಂದಿನಿಂದ ಹೆಣದ ಗಾಡಿ ಬಂತು. ಕೊನೆಗೆ ಹೆಣ ಹೊರೋ ಆರು ಜನ ಹೆಣ ಅಲ್ಲೇ ಬಿಟ್ಟು ಬಂದು ಮೊದಲು ನನ್ನ ತಳ್ಳಿದರು. ನಮ್ಮತ್ತೆ ಬದುಕಿದ್ದಾಗ್ಲೂ ನಂಗೆ ಕಾಯ್ದೋಳಲ್ಲ, ಅವತ್ತು ಕಾಯ್ದಳು ಪಾಪ."

ಲೊರೇನ್ ನಗಬೇಕಾದಷ್ಟು ನಕ್ಕಳು. ನೆವಿಲ್ ಹೋದ ಮೇಲೂ ನಗು ಮುಖದಲ್ಲಿ ಸ್ವಲ್ಪ ಹೊತ್ತು ನಿಂತಿತ್ತು, ಒಳಗೆ ಯಾರೂ ಇಲ್ಲದ ಮನೆಯಲ್ಲಿ ದೀಪ ಉರಿಯುತ್ತಿದ್ದ ಹಾಗೆ. ಆಮೇಲೆ, "ಸರಿ ಹಂಗಾದ್ರೆ," ಎಂದಳು. ಏಪ್ರನ್ನಿನ ಜೇಬಿನಿಂದ ಕೀಲಿಗೊಂಚಲು ತೆಗೆದು ಯಮಹಾದ ಕೀಲಿಯನ್ನು ಉಂಗುರದಿಂದ ಬಿಡಿಸಲು ನೋಡಿದಳು. ಉಂಗುರದ ಎರಡು ಸುತ್ತಿನ ನಡುವೆ ಉಗುರು ತೂರಿಸಬೇಕು, ಅದು ಅವಳ ಕೈಯಲ್ಲಿ ಆಗುವ ಕೆಲಸವಲ್ಲ. ಎರಡು ಸಲ ಜಾರಿತು. ಗೊಂಚಲನ್ನೇ ಅವನ ಕಡೆ ಚಾಚಿದಳು. "ನೀನೇ ತೆಗೆದುಕೊಡೋ."

ಅವನು ತೆಗೆದ. ಅದು ಅವನ ಜೀವನದಲ್ಲೇ ಅತ್ಯಂತ ಹೀನವಾದ ಕೆಲಸ ಎಂದು ಮಾಡುತ್ತಿರುವಾಗಲೇ ಗೊತ್ತಿತ್ತು, ಆದರೂ ಹೆಬ್ಬೆರಳಿನ ಉಗುರು ತೂರಿಸಿ, ಸುತ್ತು ಸುತ್ತಾಗಿ ಜರುಗಿಸಿ, ಕೀಲಿ ಬಿಡಿಸಿ ಅವಳ ಅಂಗೈಯಲ್ಲಿಟ್ಟ. ಎರಡು ಚಳಿಗಾಲದ ಹಿಂದೆ ಪ್ರೆಸ್ಟನ್ನಿನ ಆಸ್ಪತ್ರೆಯಲ್ಲಿ ಡಾಕ್ಟರು ಇದೇ ಅಂಗೈಯನ್ನು ಮಗುಚಿ ಮಗುಚಿ ನೋಡಿ, ಇನ್ನು ಬೈಕಿನ ಕ್ಲಚ್ ಹಿಡಿಯುವುದನ್ನು ಮರೆತುಬಿಡಿ, ಮುಂದಕ್ಕೆ ಬಗ್ಗಿ ಮಣಿಕಟ್ಟಿನ ಮೇಲೆ ಭಾರ ಹಾಕುವುದು ಬೇಡವೇ ಬೇಡ ಎಂದಿದ್ದರು. ಅವಳು ಸುಮ್ಮನೆ ತಲೆಯಾಡಿಸಿದ್ದಳು. ಅವನಿಗೆ, ದೇವರೇ, ಅವನಿಗೆ ಸಂತೋಷವಾಗಿತ್ತು. ಹೆಂಡತಿಯ ಕೈ ಕೆಟ್ಟಿತೆಂದು ಗಂಡನಿಗೆ ಸಂತೋಷ. ಕಿಟಕಿಯಲ್ಲಿ ನಿಲ್ಲುವುದು ಮುಗಿಯಿತು ಎಂದು ಎದೆಯ ಮೇಲಿನ ಚಪ್ಪಡಿ ಎತ್ತಿದ ಹಾಗಾಗಿತ್ತು. ಆ ನಂತರದ ಭಾನುವಾರಗಳಲ್ಲಿ ಪುಡಿಂಗು ಸರಿಯಾಗಿ ಉಬ್ಬಿದ್ದೇ ಇಲ್ಲ. ಅವಳು ಮುಂದಿನ ಕೋಣೆಯಲ್ಲೇ ಕೂತಿರುತ್ತಾಳೆ, ಹಿಟ್ಟು ಯಾವಾಗ ಹುಯ್ಯಬೇಕೆಂದು ಅವನಿಗೆ ತಿಳಿಯುವುದಿಲ್ಲ.

ಅವಳು ಯಮಹಾದ ಹೊದಿಕೆ ಸರಿಸಿದಳು. ಟ್ಯಾಂಕಿನ ಮೇಲೆ ಒಮ್ಮೆ ಮುಂಗೈ ಸವರಿದಳು. ತಿರುಗಿ, ಕಾರಿನೊಳಗಿನ ರಟ್ಟಿನ ಎಂಜಿನನ್ನು ಈಗಷ್ಟೇ ಕಂಡವಳ ಹಾಗೆ ನೋಡುತ್ತ ನಿಂತಳು. ಬೆಂಚಿನ ಹತ್ತಿರದ ಸ್ಟೂಲನ್ನು ಕಾಲಿನಿಂದ ಎಳೆದು, ಅದರ ಮೇಲೆ ಕೂತು, ಬಲಗಾಲನ್ನು ಚಾಸಿಯ ಕೊಳವೆಗಳ ನಡುವೆ ತೂರಿಸಿ ರಟ್ಟಿನ ಬಲಗೆನ್ನೆಗೆ ಮೊಣಕಾಲ ಕೆಳಗಿನ ಮೂಳೆಯನ್ನು ಒತ್ತಿದಳು. ಕಣ್ಣು ಮುಚ್ಚಿದಳು.

"ಇದು ನಂದಲ್ಲ," ಎಂದಳು.

"ಏನು?"

"ಕ್ಲಚ್ಚಿನ ಮುಚ್ಚಳ ಇಷ್ಟು ದಪ್ಪ ಇಲ್ಲ ಕಣೋ. ಹತ್ತೊಂಬತ್ತು ವರ್ಷ ಈ ಕಾಲು ಅದಕ್ಕೆ ಒತ್ತಿಕೊಂಡಿತ್ತು. ಬೇಸಿಗೇಲಿ ಸುಟ್ಟಿದೆ, ಚಳೀಲಿ ಬೆಚ್ಚಗಿಟ್ಟಿದೆ. ಎರಡು ಬೆರಳು ಜಾಸ್ತಿ ಇದೆ ಇದು." ಕಣ್ಣು ತೆರೆದಳು. "ನೀನು ತಪ್ಪು ಅಳೆಯೋನಲ್ಲ, ಕ್ಲಿಫ್."

ಏನಾದರೂ ಹೇಳಬಹುದಿತ್ತು. ಕೈತಪ್ಪು ಎಂಬ ಪದ ನಾಲಿಗೆಯ ತುದಿಯಲ್ಲೇ ಇತ್ತು, ಗುರುವಾರದಿಂದ ಅದನ್ನು ಚಪ್ಪರಿಸುತ್ತಿದ್ದ. ಅವನು ಜೇಬಿನಿಂದ ಟೇಪು ತೆಗೆದು ಬೆಂಚಿನ ಮೇಲಿಟ್ಟ. "ನಾನೂರ ಎಪ್ಪತ್ತು," ಎಂದ. "ನಾನು ಐನೂರಕ್ಕೆ ಕತ್ತರಿಸಿದೆ. ಬೇಕೂಂತಲೇ."

"ಯಾಕೆ?"

"ಆ ಸದ್ದು ನಂಗೆ ಬೇಡವಾಗಿತ್ತು. ಆ ಸದ್ದು ಬರೋವರೆಗೆ ನೀನು ಸತ್ತೋಗಿರ್ತಿದ್ದೆ, ಲೊರೇನ್. ಪ್ರತಿ ವಾರ. ಸದ್ದು ಬಂದ ಮೇಲೆ ಬದುಕ್ತಿದ್ದೆ. ಹತ್ತೊಂಬತ್ತು ವರ್ಷ." ಬೆಂಚಿನ ಮೇಲಿನ ಟೇಪನ್ನು ಒಂದು ಗೇಣು ಎಳೆದು ಬಿಟ್ಟ. "ನಿನ್ನ ಕೈ ಹಿಂಗಾದಾಗ ನಂಗೆ..."

"ಗೊತ್ತು. ಶಿಳ್ಳೆ ಹಾಕಿದ್ದೆ ನೀನು."

"ಎಲ್ಲಿ?"

"ಆಸ್ಪತ್ರೆ ಕಾರ್ ಪಾರ್ಕಲ್ಲಿ. ನಾನು ಬಾಗಿಲಲ್ಲಿ ಕಾಯ್ತಿದ್ದೆ, ನೀನು ಕಾರು ತರೋಕೆ ಹೋದೆ. ಹೋಗ್ತಾ ಶಿಳ್ಳೆ ಹಾಕ್ಕೊಂಡು ಹೋದೆ. ನಿಂಗೇ ಗೊತ್ತಿರಲಿಲ್ಲ ಅನ್ಸುತ್ತೆ." ಅವಳು ಕಾಲನ್ನು ರಟ್ಟಿನಿಂದ ತೆಗೆಯಲಿಲ್ಲ. "ಒಂದು ವರ್ಷ ನಿನ್ನ ಮೇಲೆ ಎಂಥಾ ಕೋಪ ಇತ್ತು ಅಂದ್ರೆ, ನೀನು ಜಾಮ್ ಬಾಟ್ಲಿ ಮುಚ್ಚಳ ತೆಗೆದುಕೊಡೋವಾಗೆಲ್ಲ ಆ ಬಾಟ್ಲೀನೇ ತಲೆಗೆ ಕುಕ್ಕಬೇಕು ಅನ್ನಿಸ್ತಿತ್ತು. ಆಮೇಲೆ ಒಂದಿನ ನೀನು ಪುಡಿಂಗ್ ತಂದಿಟ್ಟೆ, ಚಪ್ಪಲಿ ಥರ ಇತ್ತು. ಒಲೆ ಮುಂದೆ ಹೋಗಿ ನಿಂತ್ಕೊಂಡು ಕಿಟಕಿ ಕಡೆ ನೋಡ್ತಿದ್ದೆ ನೀನು. ಅವಾಗ ಅರ್ಥ ಆಯ್ತು ನಂಗೆ, ಇಷ್ಟು ವರ್ಷ ಅದು ಹೆಂಗೆ ಸರಿಯಾಗಿ ಬರ್ತಿತ್ತು ಅಂತ. ಕೋಪ ಹಂಗೇ ಇಳಿದೋಯ್ತು. ಪೂರ್ತಿ ಅಲ್ಲ."

ಹೊರಗೆ ಜಿನುಗು ಮಳೆ ಶುರುವಾಗಿತ್ತು. ಗರಾಜಿನ ಬಾಗಿಲಲ್ಲಿ ದಿನಾ ಕಾಣುತ್ತಿದ್ದ ಪೆಂಡ್ಲ್ ಗುಡ್ಡ ಮಾಯವಾಗಿತ್ತು. ಕ್ಲಿಫರ್ಡ್ ಬೆಂಚಿನ ಮೇಲಿನ ಚಾಕು ತೆಗೆದುಕೊಂಡ. ರಟ್ಟಿನ ಬಲಗೆನ್ನೆಗೆ ಅವಳು ಕಾಲು ಒತ್ತಿದ್ದ ಗುರುತು ಬಿದ್ದಿತ್ತು. ಅಳೆಯುವ ಅಗತ್ಯವೇ ಇರಲಿಲ್ಲ, ಆದರೂ ಅಳೆದು, ಗೆರೆಯೆಳೆದು, ಮೂವತ್ತು ಮಿಲಿಮೀಟರನ್ನು ಒಂದೇ ಎಳೆತಕ್ಕೆ ಕೊಯ್ದ. ಬದಿಯ ರಟ್ಟನ್ನು ಮತ್ತೆ ಅಂಟಿಸಿ ಜಾಗದಲ್ಲಿಟ್ಟ. ಕೂತಿತು. ಅವಳು ಬಂದು ಸ್ಟಿಯರಿಂಗ್ ಕೋಲಿಗೂ ರಟ್ಟಿಗೂ ನಡುವೆ ತನ್ನ ಸೊಟ್ಟ ತೋರುಬೆರಳನ್ನು ತೂರಿಸಿ ನೋಡಿದಳು. ಸೊಟ್ಟಗಿದ್ದರೂ ಹಿಡಿಯಿತು.

"ಸ್ಕಿಪ್ಟನ್‌ನವನಿಗೆ ನಾನು ಫೋನ್ ಮಾಡ್ತೀನಿ," ಎಂದ ಅವನು.

"ಬೇಡ, ನಾನೇ ಮಾಡ್ತೀನಿ. ನೀನು ಸುಳ್ಳು ಹೇಳೋದ್ರಲ್ಲಿ ಯಾವಾಗ್ಲೂ ಎರಡು ಬೆರಳು ಜಾಸ್ತಿ ಕತ್ತರಿಸ್ತೀಯ." ಹಾಗೆನ್ನುತ್ತಲೇ ಅವಳು ಕಾರಿನ ಬದಿಗೆ ಬಂದು, ಏಪ್ರನ್ನನ್ನು ತೊಡೆಯ ಮೇಲಕ್ಕೆ ಸಿಕ್ಕಿಸಿಕೊಂಡು, ಒಂದು ಕಾಲೆತ್ತಿ ಒಳಗಿಟ್ಟಳು. ಬಲಗಡೆಯ ಸೀಟಿಗೆ. ಓಡಿಸುವವನ ಸೀಟಿಗೆ.

"ಆ ಕಡೆ ಲೊರೇನ್, ಎಡಗಡೆ," ಎಂದ ಅವನು ಅಭ್ಯಾಸಬಲದಿಂದ.

ಅವಳು ಸ್ಟಿಯರಿಂಗಿನ ಮೇಲೆ ಎರಡೂ ಅಂಗೈಯಿಟ್ಟು ತಲೆಯೆತ್ತಿ ನೋಡಿದಳು. "ನೀನು ಓಡಿಸ್ಲಿ ಅಂತ ನಾನು ಎಂಜಿನ್ ಕೊಡ್ತಿದೀನಿ ಅಂದ್ಕೊಂಡ್ಯಾ? ಪೆದ್ದ. ಇದರ ಕ್ಲಚ್ಚು ಎಲ್ಲಿದೆ ಹೇಳು? ಕಾಲಲ್ಲಿ. ಕೈಯಲ್ಲಿ ಹಿಡಿಯೋದು ಏನೂ ಇಲ್ಲ. ಗೇರ್ ಅಂಗೈಯಿಂದ ಮುಂದಕ್ಕೆ ತಳ್ಳಿದರಾಯ್ತು, ಹಿಂದಕ್ಕೆ ಎಳೆದರಾಯ್ತು. ನೆವಿಲ್‌ದು ನೋಡಿದ್ದೀನಿ. ನಾಲ್ಕು ಚಕ್ರ, ನಿಂತಾಗ ಬೀಳಲ್ಲ. ಎರಡು ವರ್ಷದಿಂದ ನಾನು ಇದನ್ನೇ ಲೆಕ್ಕ ಹಾಕ್ತಾ ಇರೋದು." ಸ್ವಲ್ಪ ತಡೆದು, ಬೇರೆ ದನಿಯಲ್ಲಿ ಹೇಳಿದಳು. "ಕಿಟಕೀಲಿ ನಿಂತು ಹೆದರೋದು ಸಾಕು ಕ್ಲಿಫ್. ಹೆದರೋದೇ ಆದ್ರೆ ಪಕ್ಕದಲ್ಲಿ ಕೂತು ಹೆದರು."

ಹನ್ನೊಂದು ವರ್ಷ ಈ ಕಾರನ್ನು ಮನಸ್ಸಿನಲ್ಲಿ ಓಡಿಸಿದ್ದ ಅವನು. ಪ್ರತಿ ಸಲವೂ ಅವನೇ ಓಡಿಸಿದ್ದ. ಪಕ್ಕದಲ್ಲಿ ಅವಳು, ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಹೊಲಗಳ ಕಡೆ ನೋಡುತ್ತ. ಆ ಸ್ಕಾರ್ಫು ಅವಳ ಹತ್ತಿರ ಇರಲೇ ಇಲ್ಲ. ಅವಳು ಸ್ಕಾರ್ಫು ಕಟ್ಟಿದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲ. ಯಾವ ಹೆಂಗಸನ್ನು ಕೂರಿಸಿಕೊಂಡು ಇಷ್ಟು ವರ್ಷ ಓಡಿಸಿದೆ? ನಗು ಬಂತು. ಅವನು ಬಗ್ಗಿ ಒಳಗೆ ನೋಡಿದ. ಅವಳ ಕಾಲುಗಳು ಪೆಡಲುಗಳಿಂದ ಅರ್ಧ ಗೇಣು ಹಿಂದೆಯೇ ನಿಂತಿದ್ದವು, ಮನೆಚಪ್ಪಲಿಯ ತುದಿಗಳು ಗಾಳಿಯಲ್ಲಿ ತಡಕುತ್ತಿದ್ದವು. ಪೆಡಲುಗಳ ತೂತುಗಳನ್ನು ಅವನು ಎರಡನೆಯ ಚಳಿಗಾಲದಲ್ಲೇ ಕೊರೆದಿದ್ದ, ತನ್ನ ಕಾಲಿನ ಅಳತೆಗೆ.

ಮಾರ್ಕರ್ ಪೆನ್ನು ತೆಗೆದುಕೊಂಡು ಕಾರಿನ ಮೂತಿಯ ಕಡೆಯಿಂದ ನೆಲದ ಮೇಲೆ ಅಂಗಾತ ಮಲಗಿ ತಲೆ ತೂರಿಸಿದ. "ಕಾಲು ಚಾಚು. ಪೂರ್ತಿ. ಈಗ ಅರ್ಧ ಮಡಚು. ಅಲ್ಲಾಡಿಸಬೇಡ." ಅವಳ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಇರಬೇಕಾದ ಜಾಗದಲ್ಲಿಟ್ಟ. ಮೂವತ್ತು ವರ್ಷ ಊರು ಸುತ್ತಿದ ಹಿಮ್ಮಡಿ, ಬಿರುಕು ಬಿಟ್ಟು ಒರಟಾಗಿತ್ತು, ಚಹಾದ ಮಗ್ಗಿನಷ್ಟು ಬೆಚ್ಚಗಿತ್ತು. ಹಳೆಯ ತೂತುಗಳಿಂದ ನೂರಹತ್ತು ಮಿಲಿಮೀಟರ್ ಹಿಂದೆ ನಾಲ್ಕು ಕತ್ತರಿ ಗುರುತು ಹಾಕಿದ. ಕೈ ಎಲ್ಲೂ ತಪ್ಪಲಿಲ್ಲ.

"ಕಚಗುಳಿ ಆಗುತ್ತೆ, ಬಿಡೋ," ಎಂದಳು ಅವಳು ಮೇಲಿಂದ.

ಮೈ ಕೊಡವಿ ಎದ್ದು ಅವನು ಎಡಗಡೆಗೆ ಬಂದ. ಈ ಕಡೆಯಿಂದ ತನ್ನ ಕಾರನ್ನು ಅವನು ಕೆಲಸಕ್ಕೆ ಬಿಟ್ಟರೆ ನೋಡಿಯೇ ಇರಲಿಲ್ಲ. ಒಳಗಿಳಿದು ಕೂತ. ಸೀಟಿನ ಮೆತ್ತೆ ಹಾಕಿರಲಿಲ್ಲ, ತಗಡು ತಣ್ಣಗಿತ್ತು. ಕೈ ತಾನಾಗಿ ಏನನ್ನೋ ಹುಡುಕಿತು. ಎದುರಿಗೆ ನುಣ್ಣಗಿನ ಹಲಗೆ, ಪಕ್ಕದಲ್ಲಿ ಬರೀ ಕೊಳವೆ. "ಇಲ್ಲಿ ಹಿಡ್ಕೊಳ್ಳೋಕೆ ಏನೂ ಇಲ್ವಲ್ಲ," ಎಂದ.

"ಕಟ್ಟಿದೋನು ನೀನೇ."

ನಿಜ. ಈ ಸೀಟಿನಲ್ಲಿ ಕೂತವರು ಏನು ಹಿಡಿದುಕೊಳ್ಳುತ್ತಾರೆ ಎಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ ಅವನಿಗೆ. ಮಾರ್ಕರ್ ಇನ್ನೂ ಕೈಯಲ್ಲೇ ಇತ್ತು. ಎದುರಿನ ಹಲಗೆಯ ಮೇಲೆ, ತನ್ನ ಮುಷ್ಟಿ ಸಲೀಸಾಗಿ ಮುಟ್ಟುವ ಕಡೆ, ಎರಡು ಕತ್ತರಿ ಗುರುತು ಹಾಕಿದ. ಒಂದು ಗಟ್ಟಿ ಹಿಡಿ ಬೇಕು ಇಲ್ಲಿ, ಬಸ್ಸಿನಲ್ಲಿರುವಂಥದು. ಸದ್ಯಕ್ಕೆ ಪಕ್ಕದ ಕೊಳವೆಯನ್ನೇ ಹಿಡಿದುಕೊಂಡ.

ಲೊರೇನ್ ಗಂಟಲಿನಿಂದ ಸದ್ದು ಹೊರಡಿಸಿದಳು. ಮೊದಲು ಸಣ್ಣಗೆ, ಎಂಜಿನ್ ಸುಮ್ಮನೆ ನಿಂತು ಗೊಣಗುವಂತೆ. ಆಮೇಲೆ ಏರುತ್ತ, ಏರುತ್ತ, ಅರವತ್ತನಾಲ್ಕು ವರ್ಷದ ಹೆಂಗಸಿನ ಗಂಟಲಿನಿಂದ ಬರಬಾರದಂಥ ಕಿರುಚಲಾಗಿ. ಅಂಗೈಯಿಂದ ಗಾಳಿಯಲ್ಲಿ ಗೇರು ಹಿಂದಕ್ಕೆಳೆದಳು. ದನಿ ಒಂದು ಮೆಟ್ಟಲು ಇಳಿದು ಮತ್ತೆ ಏರಿತು. ಅಷ್ಟು ಕರಾರುವಾಕ್ಕಾಗಿತ್ತೆಂದರೆ ಅವನು ಎರಡೂ ಕಾಲಿನಿಂದ ಇಲ್ಲದ ಬ್ರೇಕನ್ನು ಒತ್ತಿದ. ಕಣ್ಣು ಮುಚ್ಚಿದ. ಗೋಡೆಗಳು, ಕುರಿಗಳು. ಅವಳು ಬಲಕ್ಕೆ ತಿರುಗಿಸಿದಾಗ ಅವನು ಅವಳ ಕಡೆಗೇ ವಾಲಿದ.

"ಇದರಲ್ಲಿ ವಾಲೋದು ಬೇಡ ಕಣೋ," ಎಂದಳು, ಸದ್ದಿನ ನಡುವೆ ಉಸಿರು ತೆಗೆದುಕೊಂಡು.

"ನಿಧಾನ ಹೋಗೇ."

"ಇನ್ನೂ ಎರಡನೇ ಗೇರಲ್ಲೇ ಇದ್ದೀನಿ." ಸ್ವಲ್ಪ ದೂರ ಹೋದ ಮೇಲೆ ಅವಳು ಸದ್ದು ತಗ್ಗಿಸಿದಳು. ಅವಳು ತನ್ನನ್ನೇ ನೋಡುತ್ತಿದ್ದಾಳೆಂದು ಮುಚ್ಚಿದ ಕಣ್ಣಿಗೂ ಗೊತ್ತಾಯಿತು. "ಡನ್ಸಾಪ್ ಬ್ರಿಡ್ಜ್ ಬಂತು ನೋಡು. ಬಾತುಕೋಳಿ ಕಾಣ್ತಿದೆ. ಬೆನ್ನುನೋವು ಏನಾದ್ರೂ ಇದೆಯಾ? ಇಳ್ಕೋತೀಯಾ?"

ಕ್ಲಿಫರ್ಡ್ ಕೊಳವೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಇಲ್ಲ," ಎಂದ. "ನಡಿ ಮುಂದೆ."

ಅವಳು ಮೂರನೆಯ ಗೇರಿಗೆ ಹಾಕಿದಳು.